ಅಡವಿಯಪ್ಪನವರ ಎದೆಯಲ್ಲಿ ಕಂಡದ್ದು

ಗುಬ್ಬಿಯ ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅಡವಿಯಪ್ಪನವರು ಮಹಾತ್ಮರಾಗಬೇಕೆಂದು ಎಂದೂ ಆಸೆಪಟ್ಟವರಲ್ಲ. ಆ ಪದವಿ ಅವರಿಗೆ ಬಂದದ್ದು ಹಿತ್ತಲಿನಿಂದ.

ಅರವತ್ತು ದಾಟಿದ ಮೇಲೆ ಅವರಿಗೆ ರಾತ್ರಿ ಪದೇ ಪದೇ ಏಳಬೇಕಾಗುತ್ತಿತ್ತು. ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಅವಸರವಾಗುತ್ತಿತ್ತು. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಚೊಂಬು ಹಿಡಿದು ಹಿತ್ತಲಿನ ಕೊನೆಗೆ ನಡೆಯುವುದು, ಅಲ್ಲಿ ಬಹಳ ಹೊತ್ತು ನಿಲ್ಲುವುದು, ಹೋದ ಕೆಲಸ ಅರ್ಧಂಬರ್ಧ ಮುಗಿಸಿ ಬಂದು ಮಲಗುವುದು, ಮಲಗಿದ ತಕ್ಷಣ ಮತ್ತೆ ಅವಸರ. ಇದನ್ನು ಯಾರಿಗಾದರೂ ಹೇಳುವುದುಂಟೆ? ಬೀದಿಯಲ್ಲಿ ಯಾರ ಮನೆಯಲ್ಲಿ ಪಾಲುಪಾರೀಕತ್ತಾಗಲಿ, ಗಂಡಹೆಂಡಿರ ಜಗಳವಾಗಲಿ, ಬುದ್ಧಿ ಹೇಳಲು ಅಡವಿಯಪ್ಪನವರೇ ಬೇಕು. ಅಂಥ ಮನುಷ್ಯ ಜಗಲಿಯ ಮೇಲೆ ಕೂತು ತಮ್ಮ ಉಚ್ಚೆಯ ಸಮಾಚಾರ ತೆಗೆದರೆ ಬೀದಿಯ ಗತಿಯೇನು?

ಒಂದು ಬೆಳಿಗ್ಗೆ ಪಕ್ಕದ ಮನೆಯ ಚನ್ನವೀರಯ್ಯ ಕೇಳಿಯೇಬಿಟ್ಟರು. ಇವರು ರಿಟೈರಾದ ರೆವಿನ್ಯೂ ಇನ್ಸ್‌ಪೆಕ್ಟರು, ಅಡವಿಯಪ್ಪನವರ ಜೊತೆ ಗೋಲಿ ಆಡಿ ಬೆಳೆದವರು.

"ಏನಯ್ಯಾ ಅಡವಿಯಪ್ಪ, ರಾತ್ರಿಯೆಲ್ಲ ನಿನ್ ಹಿತ್ತಲಲ್ಲಿ ಬ್ಯಾಟರಿ ಬೆಳಕು ಓಡಾಡ್ತಾ ಇರತ್ತೆ? ಕಳ್ಳ ಅಂತ ಕೂಗೋದ್ರಲ್ಲಿದ್ದೆ."

ಅಡವಿಯಪ್ಪನವರ ಬಾಯಿಂದ ತಟ್ಟನೆ ಬಂದ ಮಾತು: "ಧ್ಯಾನ ಕಣಯ್ಯಾ."

"ಧ್ಯಾನಕ್ಕೆ ಚೊಂಬು ಯಾಕೆ?"

"ಶುದ್ಧಿ ಬೇಡ್ವೆ?"

ಚನ್ನವೀರಯ್ಯ ಸರ್ವಿಸಿನಲ್ಲಿ ಎಂಥೆಂಥ ಸುಳ್ಳು ಅರ್ಜಿಗಳನ್ನೋ ಹಿಡಿದವರು. ಆದರೆ ಇದನ್ನು ನಂಬಿದರು. ಅಂದಿನಿಂದ ಗೆಳೆಯನನ್ನು 'ನೀನು' ಅನ್ನುವುದು ಬಿಟ್ಟು 'ತಾವು' ಅನ್ನತೊಡಗಿದರು. ಅವರ ಹೆಂಡತಿ ಗಂಗಾಂಬಿಕೆಯವರು ಸಂಜೆ ರೇಡಿಯೋ ಸಣ್ಣಗೆ ಮಾಡಿದರು. ಎದುರು ಮನೆಯಲ್ಲಿದ್ದ ನಾನು, ಹೈಸ್ಕೂಲಿನ ಡ್ರಿಲ್ ಮೇಷ್ಟ್ರು, ಅವರ ಮನೆ ಮುಂದೆ ಸೀಟಿ ಊದುವುದನ್ನು ನಿಲ್ಲಿಸಿದೆ. ಇಷ್ಟೆಲ್ಲ ಆದರೂ, ಅಷ್ಟು ಹೊತ್ತಿನಲ್ಲಿ ಆ ಬೆಳಕನ್ನು ನೋಡಲು ಚನ್ನವೀರಯ್ಯ ಯಾಕೆ ಎದ್ದಿದ್ದರು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ರಾತ್ರಿ ಹೋದ ನಿದ್ದೆ ಹಗಲು ಬಂದೇ ಬರುತ್ತದೆ. ಅಡವಿಯಪ್ಪನವರು ಅಂಗಡಿಯಲ್ಲಿ ತೂಗಡಿಸತೊಡಗಿದರು. ಒಂದು ದಿನ ಗಿರಾಕಿಗೆ ತಾಮ್ರದ ಕೊಪ್ಪರಿಗೆಯ ತಳ ತೋರಿಸಲು ಬಗ್ಗಿದವರು ಹಾಗೇ ತಲೆ ಒಳಗಿಟ್ಟು ನಿದ್ದೆ ಹೋದರು. ಗೊರಕೆ ಕೊಪ್ಪರಿಗೆಯೊಳಗೆ ಮೊಳಗಿ ಬೀದಿಯ ಕೊನೆವರೆಗೂ ಕೇಳಿಸಿತು. "ಸಮಾಧಿ ಸ್ಥಿತಿ, ಯಾರೂ ಮುಟ್ಟಬೇಡಿ!" ಎಂದು ಚನ್ನವೀರಯ್ಯ ಕೈಯಡ್ಡ ಹಿಡಿದು ಜನರನ್ನು ತಡೆದರು. ಅಡವಿಯಪ್ಪನವರ ಹೆಂಡತಿ ಶಿವರುದ್ರಮ್ಮ ಬಂದು ಕೊಪ್ಪರಿಗೆಗೆ ಸೌಟಿನಿಂದ ಒಂದು ಬಾರಿಸಿದ ಮೇಲೆ ಸಮಾಧಿ ಮುರಿಯಿತು.

"ನಾಳೆ ತುಮಕೂರಿಗೆ ಹೋಗಿ ಡಾಕ್ಟರಿಗೆ ತೋರಿಸೋಣ," ಎಂದರು ಆಕೆ. ಅವರಿಗೆ ಎಲ್ಲ ಗೊತ್ತಿತ್ತು. ಒಂದೇ ಕೋಣೆಯಲ್ಲಿ ಮಲಗುವವರಿಗೆ ಧ್ಯಾನ ಯಾವುದು, ಇನ್ನೊಂದು ಯಾವುದು ಎಂದು ತಿಳಿಯದೇ ಇರುತ್ತದೆಯೇ? ಗಂಡನ ಮರ್ಯಾದೆಗೆಂದು ಬಾಯಿ ಮುಚ್ಚಿಕೊಂಡಿದ್ದರು, ಅಷ್ಟೆ.

ಶನಿವಾರ ತುಮಕೂರಿನಲ್ಲಿ ಡಾಕ್ಟರ್ ಅನಂತರಾಮಯ್ಯನವರ ಶಾಪಿಗೆ ಹೋದರು. ಬಸ್ಸಿನಲ್ಲಿ ಅಡವಿಯಪ್ಪನವರು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಒಪ್ಪವಾಗಿ ಜೋಡಿಸಿಕೊಂಡಿದ್ದರಂತೆ. ಆದರೆ ಡಾಕ್ಟರ ಪಕ್ಕದಲ್ಲಿ ನಿಂತಿದ್ದ ನರ್ಸು "ಚೆನ್ನಾಗಿದೀರಾ ದೊಡ್ಡಪ್ಪ?" ಅಂದಳು. ನೋಡಿದರೆ ಬೀಗರ ಕಡೆಯ ಹುಡುಗಿ. ಬೀಗರ ಮನೆಯವರ ಎದುರಿಗೆ ಬಾಯಿಂದ ಬರುವ ಮಾತೇ ಅದು?

"ಏನಾಗತ್ತೆ?" ಎಂದರು ಡಾಕ್ಟರು.

"ನಿದ್ದೆ ಇಲ್ಲ."

"ಯಾಕಿಲ್ಲ?"

"ಕೆಮ್ಮು," ಎಂದರು ಅಡವಿಯಪ್ಪನವರು. ಹೇಳಿದ ಮೇಲೆ ನಂಬಿಕೆ ಬರಲೆಂದು ಎರಡು ಸಲ ಕೆಮ್ಮಿಯೂ ತೋರಿಸಿದರು. ಶಿವರುದ್ರಮ್ಮ ಗಂಡನನ್ನು ನೋಡಿ ಸೆರಗು ಸರಿಮಾಡಿಕೊಂಡರು.

ಹಿಂದೆ ಬೀಡಿ ಸೇದುತ್ತಿದ್ದ ಮನುಷ್ಯ, ಈಗ ರಾತ್ರಿಯೆಲ್ಲ ಕೆಮ್ಮು ಎಂದರೆ ಯಾವ ಡಾಕ್ಟರು ಸುಮ್ಮನಿರುತ್ತಾರೆ? ಎದೆಗೆ ಎಕ್ಸ್‌ರೇ ತೆಗೆಸಿ ಎಂದರು. ತಾವು ಸಂಜೆಯೇ ಬೆಂಗಳೂರಿಗೆ ಮದುವೆಗೆ ಹೊರಟಿರುವುದರಿಂದ ಸೋಮವಾರ ತಂದು ತೋರಿಸಿ ಎಂದರು.

ಎಕ್ಸ್‌ರೇ ಅಂಗಡಿಯ ಯಜಮಾನರು ಊಟಕ್ಕೆ ಹೋಗಿದ್ದರು. ಇದ್ದವನು ಅವರ ಅಳಿಯ ಯೋಗನರಸಿಂಹ, ಹೊಸದಾಗಿ ಮಾವನ ಕೆಲಸ ಕಲಿಯುತ್ತಿದ್ದವನು. ಕರೆಂಟು ಹೋಗುವುದರೊಳಗೆ ಮುಗಿಸಬೇಕೆಂಬ ಗಾಬರಿ ಅವನಿಗೆ.

"ಮೈಮೇಲೆ ಏನೂ ಇರಬಾರದು ಯಜಮಾನ್ರೆ. ಉಂಗುರ, ಉಡಿದಾರ, ತಾಯಿತ, ಎಲ್ಲಾ ತೆಗೀರಿ. ಬೇಗ, ಬೇಗ!"

ಅಡವಿಯಪ್ಪನವರು ಷರಟು ತೆಗೆದರು, ಉಂಗುರ ತೆಗೆದರು, ಉಡಿದಾರ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು, ಅಂಗಡಿಯ ಬೀಗದ ಕೈಯನ್ನೂ ಕೊಟ್ಟರು.

"ಇನ್ನೇನಾದ್ರೂ ಇದ್ಯಾ?"

"ಏನೂ ಇಲ್ಲಪ್ಪ."

ಅವರು ಸುಳ್ಳು ಹೇಳಲಿಲ್ಲ. ಬನೀನಿನೊಳಗೆ ಎದೆಯ ಮೇಲೆ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಕರಡಿಗೆಯೊಳಗೆ ಇಷ್ಟಲಿಂಗ. ಹಸುಗೂಸಾಗಿದ್ದಾಗ ಕಟ್ಟಿದ್ದು, ಸ್ನಾನದಲ್ಲೂ ನಿದ್ದೆಯಲ್ಲೂ ಮೈಬಿಟ್ಟು ಹೋದದ್ದಿಲ್ಲ. ಮೈಮೇಲಿನ ಸಾಮಾನು ಅಂದರೆ ಅವರ ಲೆಕ್ಕದಲ್ಲಿ ಹಾಕಿ ತೆಗೆಯುವಂಥದು. ಲಿಂಗ ಅದಕ್ಕೆ ಸೇರುವುದಿಲ್ಲ. ಮೈಮೇಲೆ ಏನೂ ಇರಬಾರದು ಎಂದರೆ ಯಾರಾದರೂ ಕಿವಿ ಬಿಚ್ಚಿಡುತ್ತಾರೆಯೇ? ಓದುಗರಿಗೆ ಇದನ್ನು ಈಗಲೇ ಹೇಳಿಬಿಟ್ಟಿದ್ದೇನೆ. ನಮ್ಮ ಬೀದಿಗೆ ಗೊತ್ತಾಗಲು ಸೋಮವಾರ ಬರಬೇಕಾಯಿತು.

ಯೋಗನರಸಿಂಹ ಫಿಲಂ ತೊಳೆದು ಎತ್ತಿ ನೋಡಿದ. ಅವನ ಮುಖ ಸಣ್ಣಗಾಯಿತು. "ಡಾಕ್ಟರಿಗೇ ತೋರ್ಸಿ," ಎಂದಷ್ಟೇ ಹೇಳಿ ಕೊಟ್ಟ. ಕೊಡುವಾಗ ಅಡವಿಯಪ್ಪನವರ ಭುಜ ತಟ್ಟಿದನಂತೆ. ಆ ತಟ್ಟಿದ್ದೇ ಅನಾಹುತಕ್ಕೆ ಕಾರಣ. ಎಕ್ಸ್‌ರೇ ಅಂಗಡಿಯವನು ಸುಮ್ಮಸುಮ್ಮನೆ ಭುಜ ತಟ್ಟುತ್ತಾನೆಯೇ ಎಂದು ಅಡವಿಯಪ್ಪನವರು ಬಸ್ಸಿನಲ್ಲೇ ಕವರು ಬಿಚ್ಚಿ ನೋಡಿದರು. ಪಕ್ಕೆಲುಬುಗಳ ನಡುವೆ, ಸ್ವಲ್ಪ ಎಡಕ್ಕೆ, ಮೊಟ್ಟೆಯಾಕಾರದ ಒಂದು ಬೆಳ್ಳನೆಯ ಗಟ್ಟಿ ವಸ್ತು.

ಭಾನುವಾರದ ಹೊತ್ತಿಗೆ ಆ ಫಿಲಂ ನೋಡದವರು ಪೇಟೆ ಬೀದಿಯಲ್ಲಿ ಉಳಿಯಲಿಲ್ಲ. ಮನುಷ್ಯನ ಒಳಭಾಗ ಹೇಗಿರುತ್ತದೆಂದು ನಮ್ಮಲ್ಲಿ ಬಹಳ ಜನ ನೋಡಿದ್ದೇ ಅಂದು. ಒಬ್ಬೊಬ್ಬರೇ ಜಗಲಿಯಿಂದ ಇಳಿದು, ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ತಿರುಗಿಸಿ, ತಲೆಕೆಳಗು ಮಾಡಿ ನೋಡಿದರು. ಮುದುಕಿ ಪುಟ್ಟಗಂಗಮ್ಮ ಬಹಳ ಹೊತ್ತು ನೋಡಿ ಶಿವರುದ್ರಮ್ಮನನ್ನು ಗದರಿಸಿದಳು.

"ಎಲುಬೆಲ್ಲ ಹಿಂಗೆ ಎಣಿಸೋ ಹಂಗೈತಲ್ಲೇ ತಾಯಿ, ಗಂಡಂಗೆ ಹೊಟ್ಟೆಗ್ ಹಾಕಾಕಿಲ್ವಾ?"

ಮಧ್ಯಾಹ್ನ ಕುಣಿಗಲ್ಲಿನಿಂದ ಶಿವರುದ್ರಮ್ಮನ ತಮ್ಮ ತೋಂಟದಾರ್ಯ ಬಂದಿಳಿದ. ಇವನು ಹಿಂದೊಮ್ಮೆ ಯಾರದೋ ಜೊತೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಒಂದು ವಾರ ಬೆಂಚಿನ ಮೇಲೆ ಮಲಗಿದ್ದ. ಆಮೇಲಿನಿಂದ ಕುಣಿಗಲ್ಲಿನಲ್ಲಿ ಯಾರಿಗೆ ಏನೇ ಆದರೂ ಮೊದಲು ಇವನ ಅಭಿಪ್ರಾಯ. ಫಿಲಂ ನೋಡಿದವನೇ ಅಕ್ಕನ ತಲೆಯ ಮೇಲೆ ಕೈಯಿಟ್ಟ.

"ಗಡ್ಡೆ ಕಣಕ್ಕಾ. ಕ್ಯಾನ್ಸರ್ರು. ಇಂಥ ಗುಂಡಗಿನ ಗಡ್ಡೆ ನಾನು ಬೆಂಗಳೂರಲ್ಲೂ ನೋಡಿಲ್ಲ."

ಗಂಗಾಂಬಿಕೆಯವರು ಫಿಲಂ ಕಿತ್ತುಕೊಂಡರು. "ಗಡ್ಡೆಯಂತೆ ಗಡ್ಡೆ! ಬುಡಪ್ಪಾ ನೀನು. ಸರಿಯಾಗಿ ನೋಡು. ಇದು ಲಿಂಗ! ರಾತ್ರಿಯೆಲ್ಲ ಧ್ಯಾನ ಮಾಡಿದ್ದಕ್ಕೆ ಶಿವ ಎದೆಯೊಳಗೇ ಮೂಡವ್ನೆ. ಕರಡಿಗೆ ಸಮೇತ ಮೂಡವ್ನೆ!"

ಎಲ್ಲರೂ ನೋಡಿದರು. ಹೌದು, ಥೇಟ್ ಕರಡಿಗೆ. ಮುಚ್ಚಳದ ಗೆರೆ ಕೂಡ ಕಾಣುತ್ತಿತ್ತು. ನೋಡುತ್ತಿದ್ದವರಲ್ಲಿ ಮುಕ್ಕಾಲು ಜನರ ಕೊರಳಲ್ಲಿ ಅಂಥದೇ ಕರಡಿಗೆ ನೇತಾಡುತ್ತಿತ್ತು. ಒಬ್ಬರಾದರೂ ಮೇಲೊಂದು, ಒಳಗೊಂದು ಕೂಡಿಸಿ ಲೆಕ್ಕ ಹಾಕಬಾರದೆ? ಶಿವರುದ್ರಮ್ಮ ಮಾತ್ರ "ಏನೂಂದ್ರೆ, ಬನೀನು ತೆಗೆದಿದ್ರಾ?" ಎಂದು ಕೇಳಿದರು. "ನೀನು ಸುಮ್ನಿರಕ್ಕಾ, ದುಃಖದಲ್ಲಿ ಏನೇನೋ ಮಾತಾಡಬೇಡ," ಎಂದು ತೋಂಟದಾರ್ಯ ಅವರ ಬಾಯಿ ಮುಚ್ಚಿಸಿದ.

ಜಗಲಿಯ ಮೇಲೆ ಎರಡು ಪಾರ್ಟಿಯಾಯಿತು. ಎಡಗಡೆ ಗಡ್ಡೆಯವರು, ಬಲಗಡೆ ಲಿಂಗದವರು. ಗಡ್ಡೆಯವರು ರೋಗಿಗೆಂದು ಎಳನೀರು ತಂದರು. ಲಿಂಗದವರು ಒಡೆಸಲು ತೆಂಗಿನಕಾಯಿ ತಂದರು. ನಡುವೆ ಕೂತಿದ್ದ ಅಡವಿಯಪ್ಪನವರು ಎಡಕ್ಕೆ ತಿರುಗಿದರೆ ಯಾರೋ ಕಣ್ಣೊರೆಸಿಕೊಳ್ಳುತ್ತಿದ್ದರು, ಬಲಕ್ಕೆ ತಿರುಗಿದರೆ ಯಾರೋ ಅಡ್ಡಬೀಳುತ್ತಿದ್ದರು. ಬಂದವರೆಲ್ಲರ ಒತ್ತಾಯಕ್ಕೆ ಕಾಫಿ ಕುಡಿದೂ ಕುಡಿದೂ, ಅವರು ಮೇಲಿಂದ ಮೇಲೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಹೋದಾಗಲೆಲ್ಲ ಬಲಗಡೆಯವರು "ಧ್ಯಾನಕ್ಕೆ ಹೋದ್ರು" ಎಂದು ಕೈಮುಗಿಯುತ್ತಿದ್ದರು.

ಒಮ್ಮೆ ಹಿತ್ತಲಿನಿಂದ ಬರುವಾಗ ನನ್ನನ್ನು ಮೂಲೆಗೆ ಕರೆದರು. ಮುಖ ಬಾಡಿತ್ತು. ನಿಜವಾಗಿ ಹೆದರಿದ್ದರು.

"ಮೇಷ್ಟ್ರೇ, ಕೆಮ್ಮು ಅಂತ ಸುಳ್ಳು ಹೇಳಿದೆ. ಸುಳ್ಳು ಹೇಳಿದ್ದಕ್ಕೇ ಎದೇಲಿ ನಿಜವಾಗ್ಲೂ ಬಂದ್ಬುಡ್ತಾ?"

"ಕೆಮ್ಮಿಲ್ವಾ? ಮತ್ತೆ ನಿಜವಾಗಿ ಏನು ನಿಮಗೆ?"

ಅವರು ಅತ್ತಿತ್ತ ನೋಡಿದರು. "ಅದನ್ನ ಸಾಯೋವಾಗ ಹೇಳ್ತೀನಿ," ಎಂದು ಮತ್ತೆ ಹಿತ್ತಲಿಗೆ ಹೋದರು.

ಸೋಮವಾರ ಒಂದು ಮೆಟಡೋರ್ ವ್ಯಾನ್ ಮಾಡಿಕೊಂಡು ಎರಡು ಪಾರ್ಟಿಯವರೂ ತುಮಕೂರಿಗೆ ಹೊರಟೆವು. ದಾರಿಯಲ್ಲಿ ಅಡವಿಯಪ್ಪನವರ ಕೋರಿಕೆಯ ಮೇಲೆ ವ್ಯಾನನ್ನು ಹಲವು ಸಲ ನಿಲ್ಲಿಸಬೇಕಾಯಿತು. ವಿಶೇಷವೆಂದರೆ, ನಿಂತಾಗಲೆಲ್ಲ "ಹೇಗೂ ನಿಂತಿದೆಯಲ್ಲ" ಎಂದುಕೊಂಡು ವ್ಯಾನಿನಲ್ಲಿದ್ದ ಹಿರಿಯ ಗಂಡಸರೆಲ್ಲ ಇಳಿಯುತ್ತಿದ್ದರು.

ಡಾಕ್ಟರ ಕೋಣೆಗೆ ಹಿಡಿಸುವಷ್ಟು ಜನ ನುಗ್ಗಿದೆವು, ಹಿಡಿಸದವರು ಕಿಟಕಿಗೆ ಮುಖ ಕೊಟ್ಟು ನಿಂತರು. ಗಡ್ಡೆಯವರು ಗಡ್ಡೆ ಎಂದರು, ಲಿಂಗದವರು ಧ್ಯಾನದ ಕಥೆ ಹೇಳಿದರು. ಅನಂತರಾಮಯ್ಯನವರು ಫಿಲಂ ದೀಪಕ್ಕೆ ಹಿಡಿದರು. ಒಮ್ಮೆ ಫಿಲಂ ನೋಡಿದರು. ಒಮ್ಮೆ ಅಡವಿಯಪ್ಪನವರ ಕೊರಳು ನೋಡಿದರು.

"ಅಡವಿಯಪ್ಪನೋರೆ, ಎಕ್ಸ್‌ರೇ ತೆಗೆಯೋವಾಗ ಕರಡಿಗೆ ಎಲ್ಲಿತ್ತು?"

"ಇದ್ದಲ್ಲೇ ಇತ್ತು."

"ಮೈಮೇಲಿರೋದು ಎಲ್ಲಾ ತೆಗೀಬೇಕು ಅಂತ ಹೇಳಲಿಲ್ವೇ?"

"ಹೇಳಿದ್ರು. ತೆಗೆದೆ. ಇದು ಮೈಮೇಲಿರೋದಲ್ಲ ಸ್ವಾಮಿ," ಎಂದರು ಅಡವಿಯಪ್ಪನವರು ಪ್ರಾಮಾಣಿಕವಾಗಿ. "ಇದು ನಾನೇ."

ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು, ಅದೂ ಬಹಳ ಹೊತ್ತು ಒರೆಸಿಕೊಂಡರು. "ಬೆಳ್ಳಿ ಎಕ್ಸ್‌ರೇನಲ್ಲಿ ಹೀಗೇ ಕಾಣತ್ತೆ. ಗಡ್ಡೆಯೂ ಇಲ್ಲ, ಪವಾಡವೂ ಇಲ್ಲ. ಇನ್ನೊಂದ್ಸಲ ತೆಗೆಯೋವಾಗ ಅಂಗೈಯಲ್ಲಿ ಹಿಡ್ಕೊಂಡು ಕೈ ಪಕ್ಕಕ್ಕೆ ಚಾಚಿದರೆ ಆಯ್ತು."

ಎರಡು ಪಾರ್ಟಿಗೂ ಒಟ್ಟಿಗೆ ಸೋಲಾಯಿತು. ಗಂಗಾಂಬಿಕೆಯವರ ಮುಖ ಇಷ್ಟಾಯಿತು. ತೋಂಟದಾರ್ಯ "ನಾನು ಆಗ್ಲೇ ಅಂದ್ಕೊಂಡೆ" ಅಂದ. ಎಲ್ಲರೂ ಹೊರಡಲು ಎದ್ದರು. ಎಲ್ಲರಿಗಿಂತ ಮೊದಲು ಎದ್ದವರು ಅಡವಿಯಪ್ಪನವರು. ಪ್ರಾಣ ಉಳಿಯಿತು, ಧ್ಯಾನದ ಹೆಸರೂ ಉಳಿಯಿತು, ಇನ್ನೇನು ಬೇಕು? ಆದರೆ ಶಿವರುದ್ರಮ್ಮ ಕುರ್ಚಿ ಬಿಟ್ಟು ಏಳಲಿಲ್ಲ.

"ಕೆಮ್ಮೂ ಇಲ್ಲ, ಎದೇಲೂ ಏನಿಲ್ಲ," ಎಂದರು. "ಮತ್ತೆ ರಾತ್ರಿಯೆಲ್ಲ ಏಳೋದು ಯಾಕೆ ಅಂತ ಡಾಕ್ಟರಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

ಅಡವಿಯಪ್ಪನವರು ಹೆಂಡತಿಯನ್ನು ನೋಡಿದರು. ಬೀಗರ ಕಡೆಯ ನರ್ಸನ್ನು ನೋಡಿದರು. ಕೈಕಟ್ಟಿ ನಿಂತಿದ್ದ ಚನ್ನವೀರಯ್ಯನನ್ನು ನೋಡಿದರು. ಎರಡು ರಾತ್ರಿ ಸಾವನ್ನು ಎದುರಿಗೆ ಇಟ್ಟುಕೊಂಡು ಕೂತಿದ್ದವರಿಗೆ ಆ ಗಳಿಗೆಯಲ್ಲಿ ಏನನ್ನಿಸಿತೋ, ಕಣ್ಣು ಮುಚ್ಚಿ ಕೂಗಿಯೇಬಿಟ್ಟರು.

"ಧ್ಯಾನಾನೂ ಇಲ್ಲ, ಗೀನಾನೂ ಇಲ್ಲ! ಉಚ್ಚೆ ಹುಯ್ಯಕ್ಕೆ ಏಳ್ತೀನಿ! ಒಂದ್ಸಲ ಅಲ್ಲ, ರಾತ್ರಿಯೆಲ್ಲ ಏಳ್ತೀನಿ! ನಿಂತ್ರೆ ಬರಲ್ಲ, ಮಲಗಿದ್ರೆ ಬಿಡಲ್ಲ!"

ಕಿಟಕಿಯಾಚೆಯಿಂದ ಯಾರೋ "ಶಿವ ಶಿವಾ" ಅಂದರು. ಡಾಕ್ಟರು ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಇದನ್ನ ಶನಿವಾರವೇ ಹೇಳಬಾರದಾಗಿತ್ತೇ? ಗಂಡಸರಿಗೆಲ್ಲ ಮೂತ್ರದ ಚೀಲದ ಕೆಳಗೆ ಒಂದು ಗ್ರಂಥಿ ಇರತ್ತೆ, ಪ್ರಾಸ್ಟೇಟ್ ಅಂತ. ದೊಡ್ಡ ನೆಲ್ಲಿಕಾಯಿ ಗಾತ್ರ. ವಯಸ್ಸಾಗ್ತಾ ಅದು ಊದಿಕೊಂಡು ದಾರಿ ಒತ್ತತ್ತೆ. ಬಹಳ ಜನಕ್ಕೆ ಅದು ಬರೀ ಊತ. ಕೆಲವರಿಗೆ ಅದರಲ್ಲಿ ಕ್ಯಾನ್ಸರ್ ಗಂಟು ಇರಬಹುದು, ಅದು ಶುರುವಿನಲ್ಲಿ ನೋವೂ ಕೊಡಲ್ಲ, ಸದ್ದೂ ಮಾಡಲ್ಲ. ಎಕ್ಸ್‌ರೇನಲ್ಲಿ ಕಾಣಲ್ಲ. ಮುಟ್ಟಿ ನೋಡಬೇಕು."

ಗಡ್ಡೆಯ ಪಾರ್ಟಿಯವನೊಬ್ಬ ಕುತೂಹಲ ತಡೆಯಲಾರದೆ ಕೇಳಿದ. "ಮುಟ್ಟಿ ಅಂದ್ರೆ ಎಲ್ಲಿ ಮುಟ್ಟಿ?"

ಡಾಕ್ಟರು ಹೇಳಿದರು. ಹೆಂಗಸರೆಲ್ಲ ಹೊರಗೆ ಹೋದರು. ತೋಂಟದಾರ್ಯನೂ ಹೋದ.

"ಅಂದ ಹಾಗೆ," ಎಂದರು ಡಾಕ್ಟರು ರಬ್ಬರ್ ಗ್ಲೌಸು ಎಳೆದುಕೊಳ್ಳುತ್ತ, "ಧ್ಯಾನ ಅಂತ ಊರಿಗೆಲ್ಲ ಹೇಳಿದ್ದು ಯಾರು?"

"ನಾನೇ," ಎಂದರು ಚನ್ನವೀರಯ್ಯ. "ಕಣ್ಣಾರೆ ನೋಡಿದೆ. ಎಷ್ಟು ಹೊತ್ತಿಗೆ ಎದ್ದು ನೋಡಿದ್ರೂ ಬೆಳಕು ಇರೋದು."

"ನೀವು ಯಾಕೆ ಎದ್ದಿದ್ರಿ?"

ಚನ್ನವೀರಯ್ಯ ಛಾವಣಿ ನೋಡಿದರು. ಆಮೇಲೆ ಮೆಲ್ಲಗೆ, "ಡಾಕ್ಟ್ರೇ, ಎಷ್ಟು ಸಲ ಎದ್ರೆ ಜಾಸ್ತಿ ಅಂತ ಲೆಕ್ಕ?" ಎಂದರು.

ಅಲ್ಲಿಗೆ ಕಟ್ಟೆ ಒಡೆಯಿತು. ಒಬ್ಬರು "ನಂಗೂ ಅದೇ" ಎಂದರು, ಇನ್ನೊಬ್ಬರು "ನಂದು ಹನಿ ಹನಿ" ಎಂದರು, ಕಿಟಕಿಯಲ್ಲಿದ್ದವರೊಬ್ಬರು ಒಳಗೆ ಬರಲು ಜಾಗ ಕೇಳಿದರು. ಇಷ್ಟು ವರ್ಷ ಅಕ್ಕಪಕ್ಕದ ಹಿತ್ತಲುಗಳಲ್ಲಿ ಗೋಡೆಗೊಬ್ಬರಂತೆ ನಿಂತು, ಈ ಕಷ್ಟ ಲೋಕದಲ್ಲಿ ನನಗೊಬ್ಬನಿಗೇ ಎಂದುಕೊಂಡಿದ್ದ ಗಂಡಸರು ಇವರು. ಡಾಕ್ಟರು ಹೊರಗಿನ ಬೆಂಚಿನ ಮೇಲೆ ಎಲ್ಲರನ್ನೂ ಸಾಲಾಗಿ ಕೂರಿಸಿದರು. ಒಬ್ಬೊಬ್ಬರೇ ಒಳಗೆ ಹೋಗಿ, ಒಬ್ಬೊಬ್ಬರೇ ಹೊರಗೆ ಬಂದರು. ಬಂದವರು ಬೆಂಚಿನ ಮೇಲಿದ್ದವರ ಮುಖ ನೋಡಲಿಲ್ಲ, ಬೆಂಚಿನವರು ಏನನ್ನೂ ಕೇಳಲಿಲ್ಲ. ತೋಂಟದಾರ್ಯನನ್ನು ಹುಡುಕಿದರೆ ಅವನಾಗಲೇ ಕುಣಿಗಲ್ ಬಸ್ಸು ಹತ್ತಿದ್ದ.

ಅಡವಿಯಪ್ಪನವರದು ಬರೀ ಊತ. ಕತ್ತಲಾದ ಮೇಲೆ ಕಾಫಿ ಬೇಡ, ಮಲಗುವ ಮುಂಚೆ ನೀರು ಕಡಿಮೆ, ವರ್ಷಕ್ಕೊಮ್ಮೆ ಬಂದು ತೋರಿಸಿ, ತೊಂದರೆ ಹೆಚ್ಚಾದರೆ ಆಪರೇಷನ್ ಮಾಡಿಸೋಣ ಎಂದರು ಡಾಕ್ಟರು. ಉಳಿದವರಿಗೂ ಹೆಚ್ಚುಕಡಿಮೆ ಅದೇ ಮಾತು. ಚನ್ನವೀರಯ್ಯನವರ ಸರದಿಯಲ್ಲಿ ಮಾತ್ರ ಬಾಗಿಲು ಬೇಗ ತೆರೆಯಲಿಲ್ಲ. ಅವರಿಗೂ ಊತವಿತ್ತು, ನಿದ್ದೆ ಕೆಡಿಸುತ್ತಿದ್ದದ್ದು ಅದೇ. ಅದರ ಒಂದು ಮಗ್ಗುಲಲ್ಲಿ, ಇಷ್ಟು ದಿನ ಏನೊಂದೂ ಸೂಚನೆ ಕೊಡದೆ, ಗಟ್ಟಿಯಾದ ಸಣ್ಣ ಗಂಟೊಂದು ಕೂತಿತ್ತು.

ಬೆಂಗಳೂರಿಗೆ ಕಳಿಸಿದರು. ಅಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿ, ಕ್ಯಾನ್ಸರೇ ಹೌದು, ಆದರೆ ಇನ್ನೂ ಎಲ್ಲಿಗೂ ಹರಡಿಲ್ಲ ಎಂದರು. ಕರೆಂಟ್ ಕೊಡುವುದು ಎಂದು ಜನ ಹೇಳುತ್ತಾರಲ್ಲ, ಆ ವಿಕಿರಣ ಚಿಕಿತ್ಸೆ ಶುರುವಾಯಿತು. ಅಡವಿಯಪ್ಪನವರು ಆ ದಿನಗಳಲ್ಲಿ ಬೀದಿಯಲ್ಲಿ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದರು. ಗಂಗಾಂಬಿಕೆಯವರೂ ಗಂಡನ ಜೊತೆ ಬೆಂಗಳೂರಿಗೆ ಹೋಗಿದ್ದರಿಂದ ಪಕ್ಕದ ಮನೆಗೆ ಬೀಗ ಬಿದ್ದು ರೇಡಿಯೋ ಕೂಡ ಕೇಳುತ್ತಿರಲಿಲ್ಲ. ಪಂಚಾಯ್ತಿಗೆ ಯಾರೂ ಕರೆಯುತ್ತಿರಲಿಲ್ಲ. ಕರೆದರೂ ಚಿಕ್ಕವರು ಹಿಂದೆ ಕಿಸಕ್ಕನೆ ನಗುತ್ತಿದ್ದರು. ಮರ್ಯಾದೆ ಅನ್ನುವುದು ತುಮಕೂರಿನಲ್ಲೇ ಉಳಿದುಹೋಯಿತು ಎಂದು ಅವರು ನನ್ನ ಹತ್ತಿರ ಹೇಳಿಕೊಂಡರು. ನನಗೂ ಬೇಜಾರಾಯಿತು.

ಹಲವು ತಿಂಗಳ ಮೇಲೆ ಚನ್ನವೀರಯ್ಯ ಗುಬ್ಬಿಗೆ ವಾಪಸು ಬಂದರು. ಇಳಿದುಹೋಗಿದ್ದರು, ಕೂದಲು ಪೂರಾ ಬೆಳ್ಳಗಾಗಿತ್ತು, ಆದರೆ ನಡೆದುಕೊಂಡೇ ಬಂದರು. ಸಂಜೆಯ ಹೊತ್ತು, ಬೀದಿಯೆಲ್ಲ ಜಗಲಿಯ ಮೇಲಿತ್ತು. ಅವರು ತಮ್ಮ ಮನೆಯ ಮೆಟ್ಟಿಲು ಹತ್ತದೆ ನೇರವಾಗಿ ಪಕ್ಕದ ಜಗಲಿಗೆ ಹೋಗಿ, ಆಗತಾನೇ ಎದ್ದು ನಿಂತಿದ್ದ ಅಡವಿಯಪ್ಪನವರ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡರು.

ಅಡವಿಯಪ್ಪನವರು ಗಾಬರಿಯಾದರು. "ಏಯ್, ಏಳೋ! ಧ್ಯಾನ ಗೀನ ಎಲ್ಲಾ ಸುಳ್ಳು ಅಂತ ಅವತ್ತೇ ಹೇಳ್ಲಿಲ್ವಾ?"

"ಹೇಳಿದೆ ಕಣಯ್ಯಾ," ಎಂದರು ಚನ್ನವೀರಯ್ಯ. ಕಣ್ಣಲ್ಲಿ ನೀರು ತುಂಬಿತ್ತು. "ಧ್ಯಾನಕ್ಕೆ ಏಳ್ತೀನಿ ಅಂದಾಗ ನಿಂಗೆ ಬರೀ ಕೈ ಮುಗಿದಿದ್ದೆ. ಉಚ್ಚೆ ಹುಯ್ಯಕ್ಕೆ ಏಳ್ತೀನಿ ಅಂದೆ ನೋಡು, ನಾನು ಬದುಕಿದ್ದು ಅದಕ್ಕೆ. ಈ ಕಾಲು ಹಿಡೀತಿರೋದು ಅದಕ್ಕೆ."

ಕಿಸಕ್ಕನೆ ನಗುತ್ತಿದ್ದ ಚಿಕ್ಕವರೂ ಎದ್ದು ನಿಂತರು. ಅಡವಿಯಪ್ಪನವರು ಗೆಳೆಯನ ತಲೆಯ ಮೇಲೆ ಕೈಯಿಟ್ಟರು. ಈಗ ಏನಾದರೂ ದೊಡ್ಡ ಮಾತು ಆಡುತ್ತಾರೆಂದು ಬೀದಿಗೆ ಬೀದಿಯೇ ಕಾಯುತ್ತಿತ್ತು. ಅವರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದರು, ಇನ್ನೊಮ್ಮೆ ಬದಲಾಯಿಸಿದರು. ಆಮೇಲೆ ಬೀದಿಯ ಕೊನೆಯವರೆಗೂ ಕೇಳುವಂತೆ, ಎಳ್ಳಷ್ಟೂ ನಾಚಿಕೆಯಿಲ್ಲದೆ ಹೇಳಿದರು.

"ಸಂತೋಷ ಕಣೋ ಚನ್ನವೀರ. ಈಗ ಕಾಲು ಬುಡು, ಅರ್ಜೆಂಟಾಗಿದೆ."